ಹಾರ್ಡ್ ಡಿಸ್ಕ್ ಎಲ್ಲಿಗೆ ಹೋಯಿತು?

(ಕಾಲೇಜೊಂದರಲ್ಲಿ ವಿದ್ಯಾರ್ಥಿಗಳು ಮತ್ತು ಊರಿನ ಆಸಕ್ತರ ಮುಂದೆ ಆಡಿದ ಮಾತು. ಬರಹಕ್ಕೆ ಇಳಿಸುವಾಗ ಅಲ್ಲಲ್ಲಿ ತಿದ್ದಿದ್ದೇನೆ. ನಡುನಡುವೆ ಸಭಿಕರು ಕೇಳಿದ ಪ್ರಶ್ನೆಗಳನ್ನು ಹಾಗೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಹೊಸ ಹೊಸ ಸ್ಟೋರೇಜ್ ತಂತ್ರಜ್ಞಾನ ಬರುತ್ತಿರುವಾಗ ಹಾರ್ಡ್ ಡಿಸ್ಕ್ ಉಳಿಯುತ್ತದೆಯೇ ಅನ್ನುವುದು ಇವತ್ತಿನ ವಿಷಯ. ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಲ್ಯಾಪ್‌ಟಾಪಿನಿಂದ ಅದು ಆಗಲೇ ಹೋಗಿದೆ, ವಾಪಸ್ ಬರುವುದಿಲ್ಲ. ಆದರೆ ಜಗತ್ತಿನಿಂದ ಹೋಗಲು ಇನ್ನೂ ಬಹಳ ವರ್ಷ ಬೇಕು. ಈ ಎರಡು ಮಾತೂ ಒಟ್ಟಿಗೆ ನಿಜ ಹೇಗಾಗುತ್ತವೆ ಅನ್ನುವುದೇ ನನ್ನ ಇವತ್ತಿನ ಮಾತು.

ನಿಮ್ಮಲ್ಲಿ ಯಾರ ಲ್ಯಾಪ್‌ಟಾಪಿನಲ್ಲಿ ಹಾರ್ಡ್ ಡಿಸ್ಕ್ ಇದೆ, ಕೈ ಎತ್ತಿ. ಹಿಂದಿನ ಸಾಲಿನಲ್ಲಿ ಒಂದೆರಡು ಕೈ ಕಾಣುತ್ತಿವೆ. ಹತ್ತು ವರ್ಷದ ಹಿಂದೆ ಕೇಳಿದ್ದರೆ ಪೂರ್ತಿ ಸಭೆಯೇ ಕೈ ಎತ್ತುತ್ತಿತ್ತು. ಆದರೆ ಬೆಳಿಗ್ಗೆಯಿಂದ ನೀವು ನೋಡಿದ ವಿಡಿಯೊಗಳು, ತೆರೆದ ಹಳೆಯ ಮೇಲ್‌ಗಳು, ಫೋನಿನಿಂದ ತಾವಾಗಿ ಬ್ಯಾಕಪ್ ಆದ ಫೋಟೊಗಳು ಇವೆಯಲ್ಲ, ಅವುಗಳಲ್ಲಿ ಬಹುಪಾಲು ಎಲ್ಲೋ ಒಂದು ಡೇಟಾ ಸೆಂಟರಿನಲ್ಲಿ ತಿರುಗುವ ಹಾರ್ಡ್ ಡಿಸ್ಕಿನ ಮೇಲೇ ಕೂತಿವೆ. ಹಾರ್ಡ್ ಡಿಸ್ಕ್ ನಮ್ಮ ಕಣ್ಣಿಂದ ಮರೆಯಾಯಿತು, ಅಷ್ಟೇ.

ಮೇಜಿನ ಮೇಲೆ ಒಂದು ಕೆಟ್ಟ ಹಾರ್ಡ್ ಡಿಸ್ಕನ್ನು ಮುಚ್ಚಳ ಬಿಚ್ಚಿ ಇಟ್ಟಿದ್ದೇನೆ. ಆಮೇಲೆ ಬಂದು ಹತ್ತಿರದಿಂದ ನೋಡಿ. ಮೂರೂವರೆ ಇಂಚಿನದು, ಡೆಸ್ಕ್‌ಟಾಪಿನಲ್ಲಿ ಬರುತ್ತಿದ್ದದ್ದು. ಒಳಗೆ ಮುಖ ಕಾಣುವಷ್ಟು ಹೊಳೆಯುವ ತಟ್ಟೆಗಳಿವೆ. ಪಕ್ಕದಲ್ಲಿ ಒಂದು ತೆಳು ಲೋಹದ ತೋಳು. ಅದರ ತುದಿಯಲ್ಲಿ ಅಕ್ಕಿಕಾಳಿಗಿಂತ ಚಿಕ್ಕದಾದ ಒಂದು ಚೂರು ಇದೆ. ಅದೇ ಓದುವ, ಬರೆಯುವ ಹೆಡ್. ತೋಳಿನ ಇನ್ನೊಂದು ಕೊನೆಯಲ್ಲಿ ಎರಡು ಅಯಸ್ಕಾಂತ. ಎಷ್ಟು ಬಲವಾಗಿವೆ ಅಂದರೆ, ಹೊರಗೆ ತೆಗೆದು ಒಂದಕ್ಕೊಂದು ಅಂಟಿಸಿದರೆ ಬರಿಗೈಯಲ್ಲಿ ಬಿಡಿಸುವುದು ಕಷ್ಟ. ಬೆರಳು ಜೋಪಾನ.

ಕರೆಂಟು ಕೊಟ್ಟಾಗ ಈ ತಟ್ಟೆ ನಿಮಿಷಕ್ಕೆ 7200 ಸುತ್ತು ತಿರುಗುತ್ತದೆ. ಅಂದರೆ ಸೆಕೆಂಡಿಗೆ 120 ಸುತ್ತು. ತಟ್ಟೆಯ ಅಂಚು ಗಂಟೆಗೆ 120 ಕಿಲೋಮೀಟರ್‌ಗಿಂತ ಜಾಸ್ತಿ ವೇಗದಲ್ಲಿ ಓಡುತ್ತಿರುತ್ತದೆ. ಅದರ ಮೇಲೆ ಹೆಡ್ ಮುಟ್ಟದೆ ತೇಲುತ್ತದೆ. ನಡುವಿನ ಅಂತರ ಕೆಲವೇ ನ್ಯಾನೋಮೀಟರ್. ನಮ್ಮ ತಲೆಗೂದಲಿನ ದಪ್ಪ ಸುಮಾರು 80,000 ನ್ಯಾನೋಮೀಟರ್. ಅದಕ್ಕೇ ಒಳಗೆ ಒಂದು ಧೂಳಿನ ಕಣ ಬಿದ್ದರೂ ಕಥೆ ಮುಗಿಯಿತು. ಡ್ರೈವ್ ಓಡುತ್ತಿರುವಾಗ ಲ್ಯಾಪ್‌ಟಾಪ್ ಕೈಜಾರಿ ಬಿದ್ದರೆ ಡೇಟಾ ಹೋಗುತ್ತಿದ್ದದ್ದೂ ಇದರಿಂದಲೇ. ಹೆಡ್ ತಟ್ಟೆಗೆ ತಗುಲಿ ಅದನ್ನು ಗೀರಿಬಿಡುತ್ತಿತ್ತು.

ಇದರ ದೌರ್ಬಲ್ಯವೂ ಇಲ್ಲೇ ಕಾಣುತ್ತದೆ. ಒಂದು ಫೈಲ್ ಬೇಕೆಂದರೆ ತೋಳು ಸರಿಯಾದ ಜಾಗಕ್ಕೆ ಸರಿಯಬೇಕು. ಆಮೇಲೆ ಬೇಕಾದ ತುಣುಕು ಹೆಡ್ಡಿನ ಕೆಳಗೆ ಬರುವವರೆಗೆ ಕಾಯಬೇಕು. ಸರಾಸರಿ ಅರ್ಧ ಸುತ್ತು ಕಾಯುವುದಕ್ಕೇ 4 ಮಿಲಿಸೆಕೆಂಡ್ ಬೇಕು. ತೋಳು ಸರಿಯಲು ಇನ್ನೊಂದು 8 ಮಿಲಿಸೆಕೆಂಡ್ ಇಟ್ಟುಕೊಳ್ಳಿ. ಹೀಗೆ ಬೇರೆ ಬೇರೆ ಕಡೆ ಇರುವ ತುಣುಕುಗಳನ್ನು ಹೆಕ್ಕುತ್ತಾ ಹೋದರೆ ಸೆಕೆಂಡಿಗೆ ನೂರು ಸಲ ಓದುವುದೂ ಕಷ್ಟ. ವಿಂಡೋಸ್ ಶುರುವಾಗುವಾಗ ಸಾವಿರಾರು ಚಿಕ್ಕ ಚಿಕ್ಕ ಫೈಲ್ ಓದುತ್ತದೆ. ಹಳೆಯ ಕಂಪ್ಯೂಟರ್ ಆನ್ ಮಾಡಿ ಕಾಫಿ ಕುಡಿದು ಬರುವಷ್ಟು ಹೊತ್ತು ಆಗುತ್ತಿತ್ತಲ್ಲ, ಕಾರಣ ಇದು. ಈಗ ಲ್ಯಾಪ್‌ಟಾಪಿನಲ್ಲಿ ಅದರ ಜಾಗಕ್ಕೆ ಬಂದಿರುವುದು ಎಸ್‌ಎಸ್‌ಡಿ, ಅಂದರೆ ಚಿಪ್ಪುಗಳಲ್ಲೇ ಡೇಟಾ ಇಡುವ ಡ್ರೈವ್. ಎಸ್‌ಎಸ್‌ಡಿಯಲ್ಲಿ ಚಲಿಸುವ ಭಾಗವೇ ಇಲ್ಲ. ಅದೇ ಕೆಲಸಕ್ಕೆ ಅದಕ್ಕೆ ಮಿಲಿಸೆಕೆಂಡಿನ ಹತ್ತನೇ ಒಂದು ಭಾಗ ಸಾಕು, ಕೆಲವೊಮ್ಮೆ ಅದಕ್ಕಿಂತಲೂ ಕಡಿಮೆ.

ಹಾಗಾದರೆ ಇಷ್ಟು ನಿಧಾನದ, ಇಷ್ಟು ಸೂಕ್ಷ್ಮದ ಯಂತ್ರ ಇಷ್ಟು ವರ್ಷ ಬದುಕಿದ್ದು ಹೇಗೆ? ಸ್ವಲ್ಪ ಹಿಂದಕ್ಕೆ ಹೋಗೋಣ.

1956ರಲ್ಲಿ ಐಬಿಎಂ ಕಂಪನಿ ರಾಮ್ಯಾಕ್ ಎಂಬ ಕಂಪ್ಯೂಟರ್ ಹೊರತಂದಿತು. ಅದರ ಜೊತೆ ಬಂದದ್ದು ಮೊದಲ ಹಾರ್ಡ್ ಡಿಸ್ಕ್. ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ ರೆನಾಲ್ಡ್ ಜಾನ್ಸನ್ ಎಂಬ ಎಂಜಿನಿಯರ್ ನಡೆಸುತ್ತಿದ್ದ ಪ್ರಯೋಗಾಲಯದಲ್ಲಿ ಅದು ತಯಾರಾಯಿತು. ಎರಡು ಅಡಿ ಅಗಲದ 50 ತಟ್ಟೆ. ತೂಕ ಸುಮಾರು ಒಂದು ಟನ್. ಅಷ್ಟೂ ತಟ್ಟೆಗಳಿಗೆ ಒಂದೇ ತೋಳು. ಅದು ಮೇಲೆ ಕೆಳಗೆ ಹತ್ತಿ ಇಳಿದು, ಬೇಕಾದ ತಟ್ಟೆಯ ಹತ್ತಿರ ನಿಂತು, ಒಳಗೆ ತೂರಿ ಓದಬೇಕಿತ್ತು. ಹಿಡಿಯುತ್ತಿದ್ದದ್ದು 50 ಲಕ್ಷ ಅಕ್ಷರ. ನಿಮ್ಮ ಫೋನಿನಲ್ಲಿ ತೆಗೆದ ಒಂದೇ ಒಂದು ಫೋಟೊ ಅಷ್ಟು ಜಾಗ ತಿನ್ನುತ್ತದೆ.

ಆದರೂ ಅವತ್ತಿಗೆ ಅದು ದೊಡ್ಡ ಹೆಜ್ಜೆ. ಅಲ್ಲಿಯವರೆಗೆ ಲೆಕ್ಕಪತ್ರವೆಲ್ಲ ತೂತು ಹೊಡೆದ ಕಾರ್ಡು ಮತ್ತು ಟೇಪಿನಲ್ಲಿ ಇರುತ್ತಿತ್ತು. ಟೇಪಿನ ಕೊನೆಯಲ್ಲಿರುವ ವಿಷಯ ಬೇಕೆಂದರೆ ಮೊದಲಿನಿಂದ ಸುತ್ತಿಕೊಂಡು ಬರಬೇಕು. ಡಿಸ್ಕಿನಲ್ಲಿ ಬೇಕಾದ ಜಾಗಕ್ಕೆ ನೇರವಾಗಿ ಹೋಗಬಹುದು. ಆ ಕಾಲಕ್ಕೆ ವೇಗದ ಯಂತ್ರ ಅಂದರೆ ಹಾರ್ಡ್ ಡಿಸ್ಕೇ.

ಮುಂದಿನ ಐವತ್ತು ವರ್ಷ ಇದನ್ನು ಮನೆಗೆ ಕಳಿಸುತ್ತೇವೆ ಎಂದು ಹೊರಟವರು ಒಬ್ಬಿಬ್ಬರಲ್ಲ. ನನಗೆ ಇಷ್ಟವಾದ ಕಥೆ ಬಬಲ್ ಮೆಮರಿಯದು. 1960ರ ದಶಕದ ಕೊನೆಯಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಆಂಡ್ರ್ಯೂ ಬೋಬೆಕ್ ಇದನ್ನು ರೂಪಿಸಿದರು. ಗಾರ್ನೆಟ್ ಹರಳಿನ ತೆಳುಪದರದಲ್ಲಿ ಚಿಕ್ಕ ಚಿಕ್ಕ ಕಾಂತೀಯ ಗುಳ್ಳೆಗಳನ್ನು ಹುಟ್ಟಿಸಿ, ಸಾಲಾಗಿ ಸರಿಸುತ್ತಾ ಹೋಗುವುದು. ಗುಳ್ಳೆ ಇದ್ದರೆ 1, ಇಲ್ಲದಿದ್ದರೆ 0. ತಿರುಗುವ ಭಾಗ ಒಂದೂ ಇಲ್ಲ. ಕರೆಂಟು ಹೋದರೂ ಡೇಟಾ ಉಳಿಯುತ್ತದೆ. ಕೇಳಿದರೆ ಇವತ್ತಿನ ಎಸ್‌ಎಸ್‌ಡಿಯ ಜಾಹೀರಾತಿನ ಹಾಗೇ ಇದೆ, ಅಲ್ವಾ? 1970ರ ದಶಕದಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್, ಇಂಟೆಲ್‌ನಂಥ ಕಂಪನಿಗಳು ಇದರ ಮೇಲೆ ಹಣ ಸುರಿದವು. 1982ರಲ್ಲಿ ಬಂದ ಗ್ರಿಡ್ ಕಂಪಾಸ್ ಎಂಬ ಮಡಚುವ ಕಂಪ್ಯೂಟರಿನಲ್ಲಿ ಬಬಲ್ ಮೆಮರಿಯೇ ಇತ್ತು. ನಾಸಾದ ಬಾಹ್ಯಾಕಾಶ ನೌಕೆಯಲ್ಲೂ ಆ ಕಂಪ್ಯೂಟರ್ ಹೋಗಿ ಬಂತು.

ಹಾಗಿದ್ದೂ ಸೋತಿತು. ಯಾಕೆಂದರೆ ಇವರು ತಯಾರಿ ನಡೆಸುತ್ತಿದ್ದ ಆ ಹತ್ತು ವರ್ಷ ಹಾರ್ಡ್ ಡಿಸ್ಕ್ ಸುಮ್ನೆ ಕೂತಿರಲಿಲ್ಲ. 1980ರಲ್ಲಿ ಸೀಗೇಟ್ ಕಂಪನಿ 5 ಎಂಬಿಯ, ಅಂದರೆ ಸುಮಾರು 50 ಲಕ್ಷ ಅಕ್ಷರ ಹಿಡಿಸುವ, ಚಿಕ್ಕ ಡಿಸ್ಕ್ ಮಾರುಕಟ್ಟೆಗೆ ತಂದಿತು. ರಾಮ್ಯಾಕ್‌ನಲ್ಲಿ ಒಂದು ಟನ್ ತೂಗುತ್ತಿದ್ದದ್ದು ಈಗ ಮೇಜಿನ ಮೇಲಿನ ಕಂಪ್ಯೂಟರಿನೊಳಗೆ ಹಿಡಿಸುವಂತಾಯಿತು. ಬಬಲ್ ಮೆಮರಿ ಹಳೆಯ ಡಿಸ್ಕನ್ನು ಗುರಿಯಾಗಿಟ್ಟುಕೊಂಡು ಹೊರಟಿತ್ತು. ಬಂದು ಮುಟ್ಟುವಷ್ಟರಲ್ಲಿ ಆ ಡಿಸ್ಕ್ ಅಲ್ಲಿರಲಿಲ್ಲ.

ಇದೇ ಕಥೆ ಮತ್ತೆ ಮತ್ತೆ ನಡೆಯಿತು. ಲೇಸರ್ ಬೆಳಕಿನಿಂದ ಒಂದು ಪದಾರ್ಥದ ಇಡೀ ದಪ್ಪದಲ್ಲಿ ಡೇಟಾ ಬರೆಯುವ ಹೋಲೋಗ್ರಾಫಿಕ್ ಸ್ಟೋರೇಜ್ ಬಂತು. ಬೆಲ್ ಲ್ಯಾಬ್ಸ್‌ನಿಂದಲೇ ಹೊರಬಂದ ಇನ್‌ಫೇಸ್ ಎಂಬ ಕಂಪನಿ 2000ದಿಂದ ಅದಕ್ಕಾಗಿ ಹೆಣಗಿ 2010ರಲ್ಲಿ ಬಾಗಿಲು ಹಾಕಿತು. ಅಷ್ಟರಲ್ಲಿ ಹಾರ್ಡ್ ಡಿಸ್ಕಿನ ಒಳಗೆ ಏನಾಗಿತ್ತು ನೋಡಿ. 1988ರಲ್ಲಿ ಆಲ್ಬರ್ಟ್ ಫೆರ್ಟ್ ಫ್ರಾನ್ಸಿನಲ್ಲಿ, ಪೀಟರ್ ಗ್ರೂನ್‌ಬರ್ಗ್ ಜರ್ಮನಿಯಲ್ಲಿ ಬೇರೆ ಬೇರೆಯಾಗಿ ಒಂದು ವಿಷಯ ಕಂಡುಕೊಂಡರು. ಕೆಲವೇ ಪರಮಾಣು ದಪ್ಪದ ಲೋಹದ ಪದರಗಳನ್ನು ಒಂದರ ಮೇಲೊಂದು ಇಟ್ಟರೆ, ತೀರಾ ಸಣ್ಣ ಕಾಂತಕ್ಷೇತ್ರಕ್ಕೂ ಅವುಗಳ ವಿದ್ಯುತ್ ರೋಧ ಎದ್ದು ಕಾಣುವಷ್ಟು ಬದಲಾಗುತ್ತದೆ. ಒಂಬತ್ತೇ ವರ್ಷದಲ್ಲಿ, 1997ರಲ್ಲಿ, ಐಬಿಎಂ ಇದನ್ನು ಡಿಸ್ಕಿನ ಹೆಡ್ಡಿನಲ್ಲಿ ಬಳಸಿ ಮಾರಾಟಕ್ಕೆ ತಂದಿತು. ಹೆಡ್ ಸೂಕ್ಷ್ಮವಾದಷ್ಟೂ ತಟ್ಟೆಯ ಮೇಲೆ ಅಕ್ಷರ ಚಿಕ್ಕದಾಗಿ ಬರೆಯಬಹುದು. 2007ರಲ್ಲಿ ಇಬ್ಬರಿಗೂ ಭೌತಶಾಸ್ತ್ರದ ನೊಬೆಲ್ ಬಂತು. ಮನೆಮನೆಯ ಕಂಪ್ಯೂಟರಿನೊಳಗೆ ಕ್ವಾಂಟಮ್ ಭೌತಶಾಸ್ತ್ರ ಗಿರಗಿರ ತಿರುಗುತ್ತಿತ್ತು. ನಮ್ಮ ಪಠ್ಯಪುಸ್ತಕಗಳಲ್ಲಿ ಇದಕ್ಕೆ ಒಂದು ಪುಟವಾದರೂ ಸಿಗಬೇಕಿತ್ತು ಎಂದು ನನಗೆ ಯಾವಾಗಲೂ ಅನ್ನಿಸುತ್ತದೆ.

ಇತ್ತೀಚಿನ ಸೋಲು ಆಪ್ಟೇನ್‌ದು. ಇಂಟೆಲ್ ಮತ್ತು ಮೈಕ್ರಾನ್ ಸೇರಿ 2015ರಲ್ಲಿ ಘೋಷಿಸಿದ ಮೆಮರಿ ಚಿಪ್ ಅದು. ಪೆನ್‌ಡ್ರೈವ್, ಎಸ್‌ಎಸ್‌ಡಿಗಳಲ್ಲಿ ಇರುವ ಫ್ಲ್ಯಾಶ್‌ಗಿಂತ ಸಾವಿರ ಪಟ್ಟು ವೇಗ ಎಂದರು. 2017ರಲ್ಲಿ ಮಾರಾಟಕ್ಕೆ ಬಂತು. ಸಾವಿರ ಪಟ್ಟು ಇಲ್ಲದಿದ್ದರೂ ನಿಜವಾಗಿ ಬಹಳ ಚೆನ್ನಾಗಿತ್ತು. ಆದರೆ ಬೆಲೆ ಫ್ಲ್ಯಾಶ್‌ಗಿಂತ ಜಾಸ್ತಿ, ವೇಗ ರ್‍ಯಾಮ್‌ಗಿಂತ ಕಡಿಮೆ. ಕೊಳ್ಳುವವರು ಸಾಕಷ್ಟು ಸಿಗಲಿಲ್ಲ. 2021ರಲ್ಲಿ ಮೈಕ್ರಾನ್ ಕೈಬಿಟ್ಟಿತು, 2022ರಲ್ಲಿ ಇಂಟೆಲ್ ಕೂಡ. ಒಳ್ಳೆಯ ತಂತ್ರಜ್ಞಾನ ಬೆಲೆಯ ಕಾರಣಕ್ಕೆ ಸಾಯುವುದನ್ನು ನೋಡಲು ಬೇಜಾರಾಗುತ್ತದೆ.

ಇವೆಲ್ಲದರ ನಡುವೆ ಗೆದ್ದದ್ದು ಒಂದೇ ಒಂದು, ಫ್ಲ್ಯಾಶ್. ಜಪಾನಿನ ತೋಷಿಬಾ ಕಂಪನಿಯ ಫುಜಿಯೊ ಮಸುಒಕಾ ಇದರ ಜನಕ. 1984ರಲ್ಲಿ ಮೊದಲ ಬಗೆಯ ಫ್ಲ್ಯಾಶ್ ಬಗ್ಗೆ ಪ್ರಬಂಧ ಮಂಡಿಸಿದರು. ಈಗ ನಮ್ಮ ಫೋನು, ಪೆನ್‌ಡ್ರೈವ್, ಎಸ್‌ಎಸ್‌ಡಿಯಲ್ಲೆಲ್ಲ ಇರುವ ನ್ಯಾಂಡ್ ಫ್ಲ್ಯಾಶ್ 1987ರದು.

ಫ್ಲ್ಯಾಶ್ ಗೆದ್ದದ್ದು ವೇಗದಿಂದ ಎಂದು ಎಲ್ಲರೂ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. 1991ರಲ್ಲಿ ಸನ್‌ಡಿಸ್ಕ್ ಎಂಬ ಕಂಪನಿ, ಅದೇ ಮುಂದೆ ಸ್ಯಾನ್‌ಡಿಸ್ಕ್ ಆದದ್ದು, 20 ಎಂಬಿಯ ಎಸ್‌ಎಸ್‌ಡಿ ಮಾಡಿತು. ಬೆಲೆ ಸುಮಾರು 1000 ಡಾಲರ್. ವೇಗ ಇತ್ತು, ಗಟ್ಟಿಮುಟ್ಟಾಗಿಯೂ ಇತ್ತು. ಆ ಬೆಲೆಗೆ ಯಾರು ತಗೊಳ್ಳುತ್ತಾರೆ? ಫ್ಲ್ಯಾಶ್ ಗೆದ್ದ ಜಾಗ ಬೇರೆ. ಅದನ್ನು ತಿಳಿಯಲು ಒಂದು ಸಂಗೀತದ ಡಬ್ಬಿಯನ್ನು ನೋಡಬೇಕು.

2001ರಲ್ಲಿ ಆಪಲ್ ಮೊದಲ ಐಪಾಡ್ ಬಿಟ್ಟಿತು. ಒಳಗಿದ್ದದ್ದು ತೋಷಿಬಾದ 1.8 ಇಂಚಿನ, 5 ಜಿಬಿಯ ಹಾರ್ಡ್ ಡಿಸ್ಕ್. 2004ರಲ್ಲಿ ಐಪಾಡ್ ಮಿನಿ ಬಂತು. ಅದರೊಳಗೆ ಒಂದು ಇಂಚಿನ ಹಾರ್ಡ್ ಡಿಸ್ಕ್, 4 ಜಿಬಿ. ಒಂದು ಇಂಚಿನ ತಟ್ಟೆ, ಅದಕ್ಕೊಂದು ಮೋಟಾರ್, ಅದಕ್ಕೊಂದು ತೋಳು! ಎಂಜಿನಿಯರಿಂಗ್ ಆಗಿ ನೋಡಿದರೆ ಅದ್ಭುತ. ಮಿನಿ ಚೆನ್ನಾಗಿ ಮಾರಾಟವಾಗುತ್ತಲೂ ಇತ್ತು. ಆದರೂ 2005ರ ಸೆಪ್ಟೆಂಬರಿನಲ್ಲಿ ಆಪಲ್ ಅದನ್ನು ನಿಲ್ಲಿಸಿ ಐಪಾಡ್ ನ್ಯಾನೊ ತಂದಿತು. ಒಳಗೆ ಬರೀ ಫ್ಲ್ಯಾಶ್, 2 ಜಿಬಿ ಮತ್ತು 4 ಜಿಬಿ. ಎರಡೇ ತಿಂಗಳಲ್ಲಿ ಐದು ಫ್ಲ್ಯಾಶ್ ತಯಾರಕರಿಗೆ 125 ಕೋಟಿ ಡಾಲರ್ ಮುಂಗಡ ಕೊಡುವುದಾಗಿ ಹೇಳಿತು.

ಇಲ್ಲಿ ನಡೆದದ್ದೇನು? ಹಾರ್ಡ್ ಡಿಸ್ಕಿಗೆ ಆಟೋರಿಕ್ಷಾದ ಹಾಗೆ ಒಂದು ಮಿನಿಮಮ್ ಚಾರ್ಜ್ ಇದೆ. ನೀವು 4 ಜಿಬಿ ಕೇಳಿ, 400 ಜಿಬಿ ಕೇಳಿ, ಒಂದು ಮೋಟಾರ್ ಬೇಕೇ ಬೇಕು. ಒಂದು ತಟ್ಟೆ, ಒಂದು ತೋಳು, ಅಯಸ್ಕಾಂತ, ಧೂಳು ನುಗ್ಗದ ಡಬ್ಬಿ ಬೇಕೇ ಬೇಕು. ಆ ಖರ್ಚು ಇಳಿಯುವುದಿಲ್ಲ. ಫ್ಲ್ಯಾಶ್‌ಗೆ ಆ ಕಟ್ಟುಪಾಡು ಇಲ್ಲ. ಬೇಕಾದಷ್ಟು ಚಿಪ್ ಹಾಕು, ಅಷ್ಟಕ್ಕೇ ದುಡ್ಡು ಕೊಡು. ಹಾಗಾಗಿ ಕಡಿಮೆ ಜಾಗ ಸಾಕು ಅನ್ನುವ ಕಡೆ ಫ್ಲ್ಯಾಶ್ ಅಗ್ಗ. ಜಾಗ ಜಾಸ್ತಿ ಬೇಕು ಅನ್ನುವ ಕಡೆ ಹಾರ್ಡ್ ಡಿಸ್ಕ್ ಅಗ್ಗ. ನಡುವೆ ಒಂದು ಗೆರೆ ಇದೆ. ಫ್ಲ್ಯಾಶ್ ಬೆಲೆ ಇಳಿದಂತೆಲ್ಲ ಆ ಗೆರೆ ಮೇಲಕ್ಕೆ ಸರಿಯುತ್ತದೆ.

2005ರಲ್ಲಿ ಗೆರೆ 4 ಜಿಬಿಯ ಹತ್ತಿರ ಇತ್ತು. ಮ್ಯೂಸಿಕ್ ಪ್ಲೇಯರ್ ಹೋಯಿತು. ಆಮೇಲೆ ಗೆರೆ ಸರಿಯುತ್ತಾ 256 ಜಿಬಿ, 512 ಜಿಬಿ ಮುಟ್ಟಿತು. ಬಹಳ ಜನರ ಲ್ಯಾಪ್‌ಟಾಪಿಗೆ ಅಷ್ಟು ಸಾಕು. ಆಗ ಲ್ಯಾಪ್‌ಟಾಪೂ ಹೋಯಿತು. ಈಗ ಬೆಂಗಳೂರಿನ ಎಸ್.ಪಿ. ರೋಡಿನ ಕಂಪ್ಯೂಟರ್ ಅಂಗಡಿಗೆ ಹೋಗಿ 1 ಟಿಬಿ, ಅಂದರೆ ಸಾವಿರ ಜಿಬಿ, ಕೇಳಿದರೆ ಅಂಗಡಿಯವರು ಎಸ್‌ಎಸ್‌ಡಿಯನ್ನೇ ಮುಂದಿಡುತ್ತಾರೆ. 8 ಟಿಬಿ ಕೇಳಿ ನೋಡಿ, ಮಾತು ಬೇರೆಯಾಗುತ್ತದೆ.

ಇಲ್ಲಿ ಒಬ್ಬ ವಿದ್ಯಾರ್ಥಿ ಕೇಳಿದರು: "ಮೇಡಂ, ಎಸ್‌ಎಸ್‌ಡಿಯಲ್ಲಿ ಅಷ್ಟು ಜಾಗ ತುಂಬಿಸೋಕೆ ಆಗಲ್ಲ ಅಂತಾನಾ?"

ಖಂಡಿತ ಆಗುತ್ತದೆ. 2024ರ ನವೆಂಬರಿನಲ್ಲೇ ಸಾಲಿಡೈಮ್ ಎಂಬ ಕಂಪನಿ 122 ಟಿಬಿಯ ಒಂದೇ ಎಸ್‌ಎಸ್‌ಡಿಯನ್ನು ಪ್ರಕಟಿಸಿತು. ಆಗ ಅತಿ ದೊಡ್ಡ ಹಾರ್ಡ್ ಡಿಸ್ಕ್ ಇದ್ದದ್ದು 30 ಟಿಬಿಯ ಆಸುಪಾಸಿನಲ್ಲಿ. ಜಾಗದ ಲೆಕ್ಕದಲ್ಲಿ ಹಾರ್ಡ್ ಡಿಸ್ಕ್ ಯಾವತ್ತೋ ಹಿಂದೆ ಬಿದ್ದಿದೆ. ಉಳಿದಿರುವುದು ಟಿಬಿಗೆ ಎಷ್ಟು ದುಡ್ಡು ಅನ್ನುವ ಲೆಕ್ಕ. ಡೇಟಾ ಸೆಂಟರಿಗೆ ಕೊಳ್ಳುವ ದರ್ಜೆಯಲ್ಲಿ ಎಸ್‌ಎಸ್‌ಡಿಗೆ ಇವತ್ತಿಗೂ ಟಿಬಿಗೆ ಹಲವು ಪಟ್ಟು ಜಾಸ್ತಿ ಕೊಡಬೇಕು. ಮನೆಗೆ ಒಂದು ಡ್ರೈವ್ ತರುವವರಿಗೆ ಅದು ಕೆಲವು ಸಾವಿರದ ಮಾತು. ಲಕ್ಷಗಟ್ಟಲೆ ಡ್ರೈವ್ ಕೊಳ್ಳುವವರಿಗೆ ಕಂಪನಿ ಉಳಿಯುವ ಮಾತು.

ಮಾರಾಟದ ಅಂಕಿಯನ್ನೂ ನೋಡಿ. 2010ರಲ್ಲಿ ಜಗತ್ತಿನಲ್ಲಿ ಸುಮಾರು 65 ಕೋಟಿ ಹಾರ್ಡ್ ಡಿಸ್ಕ್ ಮಾರಾಟವಾದವು. 2023ಕ್ಕೆ ಅದು 12-13 ಕೋಟಿಗೆ ಇಳಿಯಿತು. ಇಷ್ಟನ್ನೇ ನೋಡಿದವರು ಕಥೆ ಮುಗಿಯಿತು ಅನ್ನುತ್ತಾರೆ. ಆದರೆ ಈಗ ಮಾರಾಟವಾಗುವ ಡಿಸ್ಕುಗಳ ಒಟ್ಟು ಜಾಗ ವರ್ಷಕ್ಕೆ ಒಂದು ಜೆಟಾಬೈಟ್ ದಾಟಿದೆ. ಜೆಟಾಬೈಟ್ ಅಂದರೆ ನೂರು ಕೋಟಿ ಟಿಬಿ. ಅಂದರೆ ಡಿಸ್ಕುಗಳ ಸಂಖ್ಯೆ ಬಿತ್ತು, ಒಂದೊಂದೂ ದೊಡ್ಡದಾಯಿತು, ಜಾಗದ ಲೆಕ್ಕದಲ್ಲಿ ಬಹುಪಾಲು ಡೇಟಾ ಸೆಂಟರಿಗೆ ಹೋಯಿತು. ಇದನ್ನೆಲ್ಲ ಫ್ಲ್ಯಾಶ್‌ಗೆ ಬದಲಿಸುತ್ತೇವೆ ಅಂದರೆ ಬೆಲೆ ಇಳಿದರಷ್ಟೇ ಸಾಲದು. ಅಷ್ಟು ಚಿಪ್ ಮಾಡುವ ಕಾರ್ಖಾನೆಗಳೇ ಇಲ್ಲ. ಒಂದೊಂದು ಕಾರ್ಖಾನೆಗೆ ಸಾವಿರಾರು ಕೋಟಿ ರೂಪಾಯಿ ಬೇಕು, ಕಟ್ಟಲು ವರ್ಷಗಳು ಬೇಕು.

ಇದರ ಜೊತೆಗೆ ಹಾರ್ಡ್ ಡಿಸ್ಕ್ ಇವತ್ತೂ ಸುಮ್ನೆ ಕೂತಿಲ್ಲ. 2013ರಲ್ಲಿ ಡಿಸ್ಕಿನೊಳಗಿನ ಗಾಳಿ ತೆಗೆದು ಹೀಲಿಯಂ ತುಂಬಿ ಮಾರತೊಡಗಿದರು. ಹೀಲಿಯಂ ಗಾಳಿಗಿಂತ ಏಳು ಪಟ್ಟು ಹಗುರ. ತಟ್ಟೆಗಳು ಕಡಿಮೆ ಅದುರುತ್ತವೆ. ಹಾಗಾಗಿ ತೆಳು ತಟ್ಟೆಗಳನ್ನು ಹತ್ತಿರ ಹತ್ತಿರ ಜೋಡಿಸಬಹುದು. ಮೊದಲು ಐದು ತಟ್ಟೆ ಹಿಡಿಸುತ್ತಿದ್ದ ಡಬ್ಬಿಯಲ್ಲಿ ಏಳು ಹಿಡಿಸಿದವು, ಈಗ ಹತ್ತು, ಹನ್ನೊಂದು.

ಅದಕ್ಕಿಂತ ದೊಡ್ಡ ಕೆಲಸ ಲೇಸರಿನದು. ತಟ್ಟೆಯ ಮೇಲೆ ಒಂದು ಬಿಟ್, ಅಂದರೆ ಒಂದು 0 ಅಥವಾ 1, ಬರೆಯುವುದೆಂದರೆ ಕಾಂತೀಯ ಕಣಗಳ ಒಂದು ಸಣ್ಣ ಗುಂಪನ್ನು ಒಂದು ದಿಕ್ಕಿಗೆ ತಿರುಗಿಸಿ ನಿಲ್ಲಿಸುವುದು. ಜಾಗ ಉಳಿಸಲು ಕಣಗಳನ್ನು ಚಿಕ್ಕದು ಮಾಡುತ್ತಾ ಹೋದರೆ ಒಂದು ಹಂತದಲ್ಲಿ ಕೋಣೆಯ ಬಿಸಿಗೇ ಅವು ತಾವಾಗಿ ತಿರುಗಿಬಿಡುತ್ತವೆ. ಬರೆದದ್ದು ಅಳಿಸಿಹೋಗುತ್ತದೆ. ಸುಲಭಕ್ಕೆ ತಿರುಗದಂಥ ಹಟಮಾರಿ ಪದಾರ್ಥ ಹಾಕಬಹುದು. ಕಬ್ಬಿಣ ಮತ್ತು ಪ್ಲಾಟಿನಂ ಸೇರಿಸಿದ ಮಿಶ್ರಣ ಅಂಥದ್ದು. ಆದರೆ ಆಗ ಹೆಡ್ಡಿಗೂ ಅದನ್ನು ತಿರುಗಿಸಲು ಆಗುವುದಿಲ್ಲ. ಇದಕ್ಕೆ ಕಂಡುಕೊಂಡ ದಾರಿ, ಬರೆಯುವ ಆ ಕ್ಷಣಕ್ಕೆ ಮಾತ್ರ ಆ ಚುಕ್ಕೆಯನ್ನು ಕಾಯಿಸುವುದು. ಹೆಡ್ಡಿನೊಳಗೇ ಒಂದು ಲೇಸರ್ ಇಟ್ಟು, ಬೆಳಕನ್ನು ಕೆಲವು ಹತ್ತು ನ್ಯಾನೋಮೀಟರ್ ಅಗಲದ ಜಾಗಕ್ಕೆ ಹಿಂಡಿ, 400 ಡಿಗ್ರಿಗೂ ಮೇಲೆ ಬಿಸಿ ಮಾಡುತ್ತಾರೆ. ಪದಾರ್ಥ ಒಂದು ಗಳಿಗೆ ಮೆತ್ತಗಾಗುತ್ತದೆ. ಹೆಡ್ ಬರೆಯುತ್ತದೆ. ಕೆಲವೇ ನ್ಯಾನೋಸೆಕೆಂಡಿನಲ್ಲಿ ಆರಿ ಮತ್ತೆ ಹಟಕ್ಕೆ ಬೀಳುತ್ತದೆ. ಇದೆಲ್ಲ ನಡೆಯುವುದು ತಟ್ಟೆ ಸೆಕೆಂಡಿಗೆ 120 ಸುತ್ತು ತಿರುಗುತ್ತಿರುವಾಗ. ಎಂಜಿನಿಯರುಗಳು ಇದರ ಹಿಂದೆ ಎರಡು ದಶಕಕ್ಕೂ ಹೆಚ್ಚು ಕಾಲ ಬಿದ್ದಿದ್ದರು. 2024ರ ಜನವರಿಯಲ್ಲಿ ಸೀಗೇಟ್ 30 ಟಿಬಿಗೂ ಮೇಲಿನ ಇಂಥ ಡಿಸ್ಕುಗಳನ್ನು ಪ್ರಕಟಿಸಿತು. ಸಾಯುವ ತಂತ್ರಜ್ಞಾನಕ್ಕೆ ಯಾರೂ ಇಷ್ಟು ದುಡಿಯುವುದಿಲ್ಲ.

ಇದು ನಮಗೆ ಎಲ್ಲಿ ತಾಗುತ್ತದೆ ಎಂದು ಒಂದು ಉದಾಹರಣೆ ಕೊಡುತ್ತೇನೆ. ಮುದ್ರಣದಲ್ಲಿ ಸಿಗದ ಹಳೆಯ ಕನ್ನಡ ಪುಸ್ತಕ ಹುಡುಕುವವರು ಈಗ ಹೋಗುವುದು ಇಂಟರ್ನೆಟ್ ಆರ್ಕೈವ್‌ಗೆ. ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಯೋಜನೆಯಲ್ಲಿ ಸ್ಕ್ಯಾನ್ ಆದ ಎಷ್ಟೋ ಪುಸ್ತಕಗಳ ಪ್ರತಿ ಅಲ್ಲಿ ಸಿಗುತ್ತದೆ. ನಾನೂ ಅಲ್ಲಿಂದ ಇಳಿಸಿಕೊಂಡು ಓದುವವಳೇ. ಆ ಸಂಸ್ಥೆ ಸ್ಯಾನ್ ಫ್ರಾನ್ಸಿಸ್ಕೊದ ಒಂದು ಹಳೆಯ ಚರ್ಚ್ ಕಟ್ಟಡದಲ್ಲಿದೆ. ಸರ್ವರುಗಳ ತುಂಬ ಹಾರ್ಡ್ ಡಿಸ್ಕುಗಳು. ಅವುಗಳಿಂದ ಹೊರಡುವ ಬಿಸಿಯನ್ನೇ ಕಟ್ಟಡವನ್ನು ಬೆಚ್ಚಗಿಡಲು ಬಳಸುತ್ತಾರೆ. ದಾನದ ಹಣದಲ್ಲಿ ನಡೆಯುವ ಅಂಥ ಸಂಸ್ಥೆಗೆ ಟಿಬಿಯ ಬೆಲೆ ನಾಲ್ಕೈದು ಪಟ್ಟಾದರೆ ಅಷ್ಟು ಪುಸ್ತಕ ಇಟ್ಟುಕೊಳ್ಳಲು ಆಗುತ್ತದೆಯೇ? ವರ್ಷಕ್ಕೆ ಮೂರು ಜನ ಓದುವ ಪುಸ್ತಕವನ್ನೂ ಬಿಸಾಡದೆ ಇಡುತ್ತಾರಲ್ಲ, ಅದು ಸಾಧ್ಯವಾಗಿರುವುದು ನಿಧಾನದ, ಅಗ್ಗದ ಡಿಸ್ಕಿನಿಂದ. ಕನ್ನಡದಂಥ ಭಾಷೆಗೆ ಇದು ಸಣ್ಣ ವಿಷಯ ಅಲ್ಲ.

ಮುಂದಿನ ಸಾಲಿನಲ್ಲಿ ಕೂತಿದ್ದ ಹಿರಿಯರೊಬ್ಬರು ಕೇಳಿದರು: "ಅಮ್ಮಾ, ಮಗಳ ಮದುವೆ ವಿಡಿಯೊ, ಫೋಟೊ ಎಲ್ಲಾ ಸ್ಟುಡಿಯೊದವರು ಪೆನ್‌ಡ್ರೈವಲ್ಲಿ ಕೊಟ್ಟಿದ್ದಾರೆ. ಬೀರುವಲ್ಲಿ ಜೋಪಾನವಾಗಿ ಇಟ್ಟಿದ್ದೀನಿ. ಸಾಕಲ್ವಾ?"

ಸಾಲದು ಸಾರ್. ಇವತ್ತು ಮನೆಗೆ ಹೋದ ತಕ್ಷಣ ಇನ್ನೊಂದು ಪ್ರತಿ ಮಾಡಿಸಿ.

ಯಾಕೆಂದು ಸ್ವಲ್ಪ ವಿವರಿಸುತ್ತೇನೆ. ಫ್ಲ್ಯಾಶ್ ಚಿಪ್ಪಿನಲ್ಲಿ ಡೇಟಾ ಅಂದರೆ ಸುತ್ತ ನಿರೋಧಕ ಇರುವ ಒಂದು ಪುಟ್ಟ ಜಾಗದಲ್ಲಿ ಸಿಕ್ಕಿಹಾಕಿಕೊಂಡ ಎಲೆಕ್ಟ್ರಾನ್‌ಗಳು. ಬರೆಯುವಾಗ ಒತ್ತಡ ಹಾಕಿ ಅವನ್ನು ಆ ನಿರೋಧಕದ ಮೂಲಕವೇ ತೂರಿಸುತ್ತೇವೆ. ಪ್ರತಿ ಸಲ ತೂರಿಸಿದಾಗಲೂ ನಿರೋಧಕ ಚೂರು ಹಾಳಾಗುತ್ತದೆ. ಮೊದಲೆಲ್ಲ ಅಂಥ ಒಂದು ಜಾಗದಲ್ಲಿ, ಅಂದರೆ ಒಂದು ಕೋಶದಲ್ಲಿ, ಒಂದೇ ಬಿಟ್ ಇಡುತ್ತಿದ್ದರು. ಎಲೆಕ್ಟ್ರಾನ್ ಇದೆಯೋ ಇಲ್ಲವೋ ನೋಡಿದರೆ ಸಾಕಿತ್ತು. ಬೆಲೆ ಇಳಿಸಲು ಈಗ ಒಂದೇ ಕೋಶದಲ್ಲಿ ಮೂರು, ನಾಲ್ಕು ಬಿಟ್ ತುಂಬುತ್ತಾರೆ. ನಾಲ್ಕು ಬಿಟ್ ಅಂದರೆ 16 ಮಟ್ಟಗಳನ್ನು ಬೇರೆ ಬೇರೆ ಗುರುತಿಸಬೇಕು. ಸ್ವಲ್ಪ ಎಲೆಕ್ಟ್ರಾನ್ ಸೋರಿದರೂ ಒಂದು ಮಟ್ಟ ಇನ್ನೊಂದಾಗುತ್ತದೆ. ಒಂದು ಬಿಟ್‌ನ ಕೋಶವನ್ನು ಲಕ್ಷ ಸಲ ಬರೆದು ಅಳಿಸಬಹುದಿತ್ತು. ನಾಲ್ಕು ಬಿಟ್‌ನದಕ್ಕೆ ಸಾವಿರದ ಲೆಕ್ಕ.

ಕರೆಂಟಿಲ್ಲದೆ ಇಟ್ಟಾಗಲೂ ಎಲೆಕ್ಟ್ರಾನ್‌ಗಳು ನಿಧಾನಕ್ಕೆ ಸೋರುತ್ತವೆ. ಬಿಸಿಲೂರಿನಲ್ಲಿ ಇನ್ನೂ ಬೇಗ. ಮನೆ ಬಳಕೆಯ ಎಸ್‌ಎಸ್‌ಡಿಗೆ ಉದ್ಯಮದವರೇ ಹಾಕಿಕೊಂಡ ಮಾನದಂಡ ಇದೆ. ಬರೆಯುವ ಆಯಸ್ಸು ಪೂರ್ತಿ ಸವೆದ ಡ್ರೈವ್, ಕರೆಂಟಿಲ್ಲದೆ 30 ಡಿಗ್ರಿಯಲ್ಲಿ ಒಂದು ವರ್ಷ ಡೇಟಾ ಉಳಿಸಿಕೊಂಡರೆ ಸಾಕು ಅನ್ನುತ್ತದೆ ಅದು. ಹೊಸ ಡ್ರೈವ್ ಇದಕ್ಕಿಂತ ಎಷ್ಟೋ ಜಾಸ್ತಿ ತಡೆಯುತ್ತದೆ, ಹೆದರಬೇಡಿ. ಆದರೆ ಪೆನ್‌ಡ್ರೈವಿಗೆ ಎಷ್ಟೋ ಸಲ ಕಡಿಮೆ ದರ್ಜೆಯ ಚಿಪ್ ಹಾಕಿರುತ್ತಾರೆ. ಅದನ್ನು ನಂಬಿ ಇಪ್ಪತ್ತು ವರ್ಷ ಬೀರುವಲ್ಲಿ ಇಡುವುದು ಬೇಡ.

ಹಾರ್ಡ್ ಡಿಸ್ಕಿನಲ್ಲಿ ಕಾಂತೀಯ ಗುರುತು ಸೋರುವುದಿಲ್ಲ. ಅದು ಕೆಡುವುದು ಯಂತ್ರವಾಗಿ. ಕೆಡುವ ಮುಂಚೆ ಎಷ್ಟೋ ಸಲ ಟಿಕ್ ಟಿಕ್ ಸದ್ದು ಮಾಡುತ್ತದೆ, ಫೈಲ್ ತೆರೆಯಲು ತಡವಾಗುತ್ತದೆ. ಎಸ್‌ಎಸ್‌ಡಿ ಕೆಲವೊಮ್ಮೆ ಯಾವ ಸುಳಿವೂ ಕೊಡದೆ ಒಂದು ಬೆಳಿಗ್ಗೆ ಕಾಣೆಯಾಗುತ್ತದೆ. ಹಾಗಾಗಿ ನನ್ನ ಸಲಹೆ ಇಷ್ಟು. ದಿನಬಳಕೆಗೆ ಎಸ್‌ಎಸ್‌ಡಿ. ಹಳೆಯ ಲ್ಯಾಪ್‌ಟಾಪ್ ಇದ್ದರೂ ಬಿಸಾಡುವ ಮುಂಚೆ ಎಸ್‌ಎಸ್‌ಡಿ ಹಾಕಿಸಿ ನೋಡಿ, ಇನ್ನೂ ನಾಲ್ಕು ವರ್ಷ ಓಡಬಹುದು. ಕಾಪಾಡಿಕೊಳ್ಳಬೇಕಾದ ಫೋಟೊ, ದಾಖಲೆಗಳಿಗೆ ಎರಡು ಹೊರಗಿನ ಹಾರ್ಡ್ ಡಿಸ್ಕ್. ಒಂದನ್ನು ನಿಮ್ಮ ಮನೆಯಲ್ಲಿ ಇಡಿ, ಇನ್ನೊಂದನ್ನು ಅಣ್ಣನ ಮನೆಯಲ್ಲೋ ಮಗಳ ಮನೆಯಲ್ಲೋ ಇಡಿ. ಆರು ತಿಂಗಳಿಗೊಮ್ಮೆ ಎರಡನ್ನೂ ಹಾಕಿ ಫೈಲ್ ತೆರೆಯುತ್ತದಾ ನೋಡಿ. ಆನ್‌ಲೈನಿನಲ್ಲಿ ಒಂದು ಪ್ರತಿ ಇದ್ದರೆ ಇನ್ನೂ ಒಳ್ಳೆಯದು.

ಜೊತೆಗೆ ಇನ್ನೊಂದು ಮಾತು. ಆನ್‌ಲೈನಿನಲ್ಲಿ ಸಾವಿರ ರೂಪಾಯಿಗೆ 16 ಟಿಬಿ ಎಂದು ಪೆನ್‌ಡ್ರೈವ್, ಎಸ್‌ಎಸ್‌ಡಿ ಮಾರುತ್ತಾರೆ. ಅದು ಮೋಸ. ಒಳಗೆ ಸಣ್ಣ ಚಿಪ್ ಇಟ್ಟು ಕಂಪ್ಯೂಟರಿಗೆ ಸುಳ್ಳು ಹೇಳುವಂತೆ ಮಾಡಿರುತ್ತಾರೆ. ಜಾಗ ತುಂಬಿದ ಮೇಲೂ ಫೈಲ್ ಕಾಪಿ ಆಗುವಂತೆ ಕಾಣುತ್ತದೆ, ಆಮೇಲೆ ತೆರೆದರೆ ಏನೂ ಇರುವುದಿಲ್ಲ. ಕಳೆದುಕೊಳ್ಳುವುದು ಸಾವಿರ ರೂಪಾಯಿ ಅಷ್ಟೇ ಆಗಿದ್ದರೆ ಪರವಾಗಿರಲಿಲ್ಲ, ಅದರಲ್ಲಿ ಇಟ್ಟದ್ದೂ ಹೋಗುತ್ತದೆ.

ಟೇಪ್ ಈಗ ಇಲ್ಲವಲ್ಲ ಎಂದು ಯಾರೋ ಕೇಳಿದರು. ಇದೆ, ಚೆನ್ನಾಗಿಯೇ ಇದೆ. 2021ರಲ್ಲಿ ಬಂದ ಎಲ್‌ಟಿಒ-9 ಟೇಪಿನ ಒಂದು ಡಬ್ಬಿ 18 ಟಿಬಿ ಹಿಡಿಸುತ್ತದೆ. 2011ರ ಫೆಬ್ರವರಿಯಲ್ಲಿ ಜಿಮೇಲ್‌ನ ಒಂದು ಸಾಫ್ಟ್‌ವೇರ್ ದೋಷದಿಂದ ಶೇ 0.02ರಷ್ಟು ಜನರ ಮೇಲ್‌ಗಳು ಮಾಯವಾದವು. ಬೇರೆ ಬೇರೆ ಡೇಟಾ ಸೆಂಟರಿನಲ್ಲಿದ್ದ ಪ್ರತಿಗಳಿಗೂ ಅದೇ ದೋಷ ತಗುಲಿತ್ತು. ಗೂಗಲ್‌ನವರು ಆ ಮೇಲ್‌ಗಳನ್ನು ವಾಪಸ್ ತಂದದ್ದು ಟೇಪಿನಿಂದ. ಯಾವ ನೆಟ್‌ವರ್ಕಿಗೂ ಸಿಕ್ಕಿಸದೆ ಕಪಾಟಿನಲ್ಲಿಟ್ಟ ಟೇಪನ್ನು ಸಾಫ್ಟ್‌ವೇರ್ ದೋಷವೂ ಮುಟ್ಟುವುದಿಲ್ಲ, ವೈರಸ್ಸೂ ಮುಟ್ಟುವುದಿಲ್ಲ. 1956ರಲ್ಲಿ ಡಿಸ್ಕ್ ಟೇಪನ್ನು ಓಡಿಸುತ್ತದೆ ಎಂದುಕೊಂಡಿದ್ದರು. ಟೇಪ್ ಕೆಳಗಿನ ಮೆಟ್ಟಿಲಿಗೆ ಇಳಿದು ಅಲ್ಲೇ ಗಟ್ಟಿಯಾಗಿ ಕೂತಿತು. ಹಾರ್ಡ್ ಡಿಸ್ಕ್ ಈಗ ಮಾಡುತ್ತಿರುವುದೂ ಅದನ್ನೇ.

ಗಾಜಿನೊಳಗೆ ಲೇಸರಿನಿಂದ ಬರೆಯುವ ಮೈಕ್ರೋಸಾಫ್ಟ್ ಪ್ರಯೋಗ, ಡಿಎನ್‌ಎ ಅಣುವಿನಲ್ಲಿ ಡೇಟಾ ಇಡುವ ಪ್ರಯೋಗ, ಇವನ್ನೂ ನೀವು ಓದಿರುತ್ತೀರಿ. ಎರಡೂ ನಿಜ, ಎರಡೂ ಕೆಲಸ ಮಾಡಿವೆ. ಆದರೆ ಅವು ಹಾರ್ಡ್ ಡಿಸ್ಕಿನ ಜಾಗಕ್ಕೆ ಬರುವಂಥವಲ್ಲ. ಒಮ್ಮೆ ಬರೆದು ನೂರಾರು ವರ್ಷ ಮುಟ್ಟದೆ ಇಡುವ ಕೆಲಸಕ್ಕೆ ಹೊಂದುತ್ತವೆ. ಹೆದರಬೇಕಾದದ್ದು ಟೇಪ್.

ಕೊನೆಯಲ್ಲಿ ಒಬ್ಬ ವಿದ್ಯಾರ್ಥಿನಿ ನೇರವಾಗಿ ಕೇಳಿದರು: "ಹಾಗಾದ್ರೆ ಹಾರ್ಡ್ ಡಿಸ್ಕಿಗೆ ನಿಜವಾದ ಅಪಾಯ ಯಾವುದು ಮೇಡಂ?"

ಬಹಳ ಒಳ್ಳೆಯ ಪ್ರಶ್ನೆ. ನನ್ನ ಲೆಕ್ಕದಲ್ಲಿ ಅದು ಹೊರಗಿನ ಶತ್ರು ಅಲ್ಲ. 30 ಟಿಬಿ ಡಿಸ್ಕಿನಿಂದ ಸೆಕೆಂಡಿಗೆ ಸುಮಾರು 270 ಎಂಬಿ ಓದಬಹುದು ಎಂದಿಟ್ಟುಕೊಳ್ಳಿ. ಪೂರ್ತಿ ಓದಿ ಮುಗಿಸಲು 30 ಗಂಟೆ ದಾಟುತ್ತದೆ. ಜಾಗ ದುಪ್ಪಟ್ಟಾದಷ್ಟು ಬೇಗ ವೇಗ ದುಪ್ಪಟ್ಟಾಗುವುದಿಲ್ಲ, ಯಾಕೆಂದರೆ ಇಷ್ಟು ದೊಡ್ಡ ಡಿಸ್ಕಿನ ತಟ್ಟೆಗಳನ್ನು ಇದಕ್ಕಿಂತ ಜೋರಾಗಿ ತಿರುಗಿಸುವುದು ಕಷ್ಟ. ಡೇಟಾ ಸೆಂಟರಿನಲ್ಲಿ ಒಂದು ಡಿಸ್ಕ್ ಕೆಟ್ಟರೆ ಅದರಲ್ಲಿದ್ದದ್ದನ್ನು ಉಳಿದ ಡಿಸ್ಕುಗಳಿಂದ ಓದಿ ಹೊಸದರಲ್ಲಿ ತುಂಬಬೇಕು. ಆ ಕೆಲಸ ಒಂದೂವರೆ ದಿನ, ಎರಡು ದಿನ ಎಳೆದರೆ, ಅಷ್ಟರೊಳಗೆ ಇನ್ನೊಂದು ಕೆಟ್ಟರೆ ಏನು ಗತಿ? ಇದಕ್ಕೇ ಸೀಗೇಟ್‌ನವರು ಒಂದೇ ಡಿಸ್ಕಿನಲ್ಲಿ ಬೇರೆ ಬೇರೆಯಾಗಿ ಚಲಿಸುವ ಎರಡು ತೋಳಿನ ಗುಂಪು ಇಟ್ಟು ನೋಡಿದ್ದಾರೆ. ವೇಗ ಹೆಚ್ಚುಕಡಿಮೆ ದುಪ್ಪಟ್ಟಾಗುತ್ತದೆ, ಬೆಲೆಯೂ ಏರುತ್ತದೆ. ಬೆಲೆ ಏರಿದರೆ ಇದ್ದ ಒಂದೇ ಅನುಕೂಲವೂ ಕರಗುತ್ತದೆ. 60 ಟಿಬಿ, 100 ಟಿಬಿಯ ಡಿಸ್ಕ್ ಮಾಡುತ್ತಾರೆ, ನನಗೆ ಅನುಮಾನ ಇಲ್ಲ. ಅಷ್ಟು ಡೇಟಾವನ್ನು ಬೇಕಾದ ಹೊತ್ತಿಗೆ ಹೊರಗೆ ತೆಗೆಯಲು ಆಗುತ್ತದಾ ಅನ್ನುವಲ್ಲಿ ಇದೆ ಅನುಮಾನ.

ಇನ್ನು ನೀವು ಈ ಕ್ಷೇತ್ರಕ್ಕೆ ಬರುವುದಾದರೆ, ದೂರ ಹೋಗಬೇಕಾಗಿಲ್ಲ. ಸ್ಯಾನ್‌ಡಿಸ್ಕ್, ವೆಸ್ಟರ್ನ್ ಡಿಜಿಟಲ್, ಸ್ಯಾಮ್‌ಸಂಗ್ ಮೂರಕ್ಕೂ ಬೆಂಗಳೂರಿನಲ್ಲಿ ದೊಡ್ಡ ಎಂಜಿನಿಯರಿಂಗ್ ಕೇಂದ್ರಗಳಿವೆ. ಎಸ್‌ಎಸ್‌ಡಿಯೊಳಗೆ ಒಂದು ಪುಟ್ಟ ಪ್ರೊಸೆಸರ್ ಇರುತ್ತದೆ. ಯಾವ ಕೋಶ ಸವೆದಿದೆ, ಮುಂದಿನ ಫೈಲನ್ನು ಎಲ್ಲಿ ಬರೆಯಬೇಕು, ಸೋರುತ್ತಿರುವ ಡೇಟಾವನ್ನು ಯಾವಾಗ ಹೊಸ ಜಾಗಕ್ಕೆ ಸಾಗಿಸಬೇಕು, ಇದನ್ನೆಲ್ಲ ಅದರ ಫರ್ಮ್‌ವೇರ್, ಅಂದರೆ ಡ್ರೈವಿನೊಳಗೇ ಇರುವ ಸಾಫ್ಟ್‌ವೇರ್, ನೋಡಿಕೊಳ್ಳುತ್ತದೆ. ನಾಲ್ಕು ಬಿಟ್‌ನ ಕೋಶವನ್ನು ನಂಬುವ ಹಾಗೆ ಮಾಡಿರುವುದು ಆ ಫರ್ಮ್‌ವೇರ್. ಸಿ ಭಾಷೆ, ಡೇಟಾ ಸ್ಟ್ರಕ್ಚರ್, ಒಂದಷ್ಟು ಡಿಜಿಟಲ್ ಎಲೆಕ್ಟ್ರಾನಿಕ್ಸ್ ಗಟ್ಟಿಯಾಗಿ ಕಲಿಯಿರಿ. ಈಗ ಒಬ್ಬೊಬ್ಬರಾಗಿ ಬಂದು ಈ ಡಿಸ್ಕ್ ನೋಡಿ. ತಟ್ಟೆ ಮುಟ್ಟಿದರೂ ಪರವಾಗಿಲ್ಲ, ಇದು ಕೆಟ್ಟಿರುವುದೇ.